ನೀಲಿ ಪುಸ್ತಕದಲ್ಲೊಂದು ಹೆಸರು

ನಮ್ಮ ಮನೆಯ ಕಪಾಟಿನಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ರೇಷನ್ ಕಾರ್ಡು, ಸೊಸೈಟಿಯ ಶೇರು ಪತ್ರ, ಮಕ್ಕಳ ಜಾತಕ, ರಾತ್ರಿಶಾಲೆಯಲ್ಲಿ ಓದಿ ಪಡೆದ ನನ್ನ ಎಸ್ಸೆಸ್ಸಿ ಸರ್ಟಿಫಿಕೇಟು, ಎಲ್ಲವೂ ಅದರೊಳಗೆ. 2017ರಲ್ಲಿ ಎರಡು ವಾರ ಕಾಲ ಅದರ ತಳದಲ್ಲಿ ಒಂದು ಕಾಗದವನ್ನು ನಾನು ಬೇಕೆಂದೇ ಅಡಗಿಸಿಟ್ಟಿದ್ದೆ. ಯಾರಾದರೂ ಕೇಳಿದರೆ, "ನಾಳೆ ಸಹಿ ಹಾಕಿದರಾಯಿತು" ಎನ್ನುತ್ತಿದ್ದೆ. ಆ ಕಾಗದಕ್ಕೆ ನನ್ನ ಸಹಿ ಬಿದ್ದರೆ ಮೊಮ್ಮಗ ಕೈತಪ್ಪಿ ಹೋಗುತ್ತಾನೆ ಎಂಬುದು ನನ್ನ ಒಳಗಿನ ಭಯ.

ನನ್ನ ಊರು ಕುಂದಾಪುರದ ಕಡೆ. 1969ರಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಓದಿ, ಕೊನೆಗೆ ಬ್ಯಾಂಕಿನ ಗುಮಾಸ್ತನಾದೆ. ಮಗ ಇಂಜಿನಿಯರಾಗಿ ನಾಲ್ಕು ವರ್ಷ ಬ್ಯಾಂಕಾಕಿನಲ್ಲಿದ್ದ. ಮರಳುವಾಗ ಅಲ್ಲಿನ ಹುಡುಗಿಯನ್ನು ಮೆಚ್ಚಿ ಬಂದಿದ್ದ. 2014ರಲ್ಲಿ ಮುಂಬಯಿಯಲ್ಲೇ ರಿಜಿಸ್ಟರ್ ಮದುವೆಯಾಯಿತು. ಮೊದಮೊದಲು ಮುಖ ಬಿಗಿದುಕೊಂಡಿದ್ದ ನನ್ನ ಹೆಂಡತಿ, ಅಕ್ಕಿ ಹಿಟ್ಟು, ತೆಂಗಿನ ಹಾಲು, ಬೆಲ್ಲ ಇವಿಷ್ಟರಲ್ಲಿ ಸೊಸೆ ತನ್ನ ದೇಶದ ಸಿಹಿ ಮಾಡಿ ಬಡಿಸಿದ ದಿನ, "ಇದು ನಮ್ಮದೇ ಅಲ್ಲದಾ" ಎಂದು ನಕ್ಕಳು. ಅಲ್ಲಿಗೆ ಜಗಳ ಮುಗಿಯಿತು.

2017ರಲ್ಲಿ ಮೊಮ್ಮಗ ಮುಂಬಯಿಯಲ್ಲೇ ಹುಟ್ಟಿದ. ಆನಂದ ಎಂದು ಹೆಸರಿಟ್ಟೆವು. ಇಲ್ಲಿ ಹುಟ್ಟಿದವನು, ತಂದೆ ಭಾರತೀಯ, ತಾಯಿ ವೀಸಾ ಪಡೆದು ಸಕ್ರಮವಾಗಿ ಇದ್ದವಳು. ಆದ್ದರಿಂದ ನಮ್ಮ ಕಾನೂನಿನ ಪ್ರಕಾರ ಅವನು ಭಾರತೀಯ. ನನ್ನ ಮಟ್ಟಿಗೆ ಮಾತು ಅಲ್ಲಿಗೆ ಮುಗಿದಿತ್ತು. ಆದರೆ ಮಗನಿಗೆ ಮತ್ತೆ ಬ್ಯಾಂಕಾಕಿನಲ್ಲಿ ಕೆಲಸ ಸಿಕ್ಕಿತು. ಅತ್ತ ನಖೋನ್ ಪಥೋಮಿನಲ್ಲಿ ಸೊಸೆಯ ತಾಯಿ ಒಬ್ಬಂಟಿ. ಮಗುವಿಗೆ ಥಾಯ್ ಪೌರತ್ವದ ಕಾಗದ ಮಾಡಿಸಬೇಕೆಂದು ಗಂಡ ಹೆಂಡತಿ ಓಡಾಟ ಶುರುಮಾಡಿದರು.

"ಇಲ್ಲದ್ದನ್ನು ಯಾಕೆ ಬೇಡಿಕೊಂಡು ಹೋಗುತ್ತೀರಿ?" ಎಂದೆ. ಸೊಸೆ ತನ್ನ ಅರೆಬರೆ ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು: "ಬೇಡುವುದಲ್ಲ ಮಾವ, ಹುಟ್ಟಿನಿಂದಲೇ ಇದೆ. ಇದೆ ಎಂದು ಬರೆಸುವುದು ಅಷ್ಟೆ."

ಅವಳ ಮಾತು ಸರಿಯಾಗಿತ್ತು. ತಾಯಿ ಅಥವಾ ತಂದೆ ಥಾಯ್ ಆಗಿದ್ದರೆ, ಮಗು ಎಲ್ಲಿ ಹುಟ್ಟಿದರೂ ಥಾಯ್ ಎನ್ನುತ್ತದೆ ಅಲ್ಲಿಯ ಕಾನೂನು. ಆದರೆ ಮೊದಲು ಹೀಗಿರಲಿಲ್ಲ. 1965ರ ಕಾನೂನಿನಲ್ಲಿ ತಂದೆಗೆ ಆ ಹಕ್ಕಿತ್ತು; ವಿದೇಶೀಯನನ್ನು ಮದುವೆಯಾಗಿ ಹೊರದೇಶದಲ್ಲಿ ಹೆತ್ತ ಥಾಯ್ ತಾಯಿಗೆ ಸಾಮಾನ್ಯವಾಗಿ ಇರಲಿಲ್ಲ. 1992ರ ತಿದ್ದುಪಡಿಯಿಂದ ಅದು ಬಂತು. ವಿಚಿತ್ರವೆಂದರೆ, ಹೊರದೇಶದಲ್ಲಿ ಹುಟ್ಟುವ ಮಕ್ಕಳಿಗೆ ತನ್ನ ಪೌರತ್ವ ಕೊಡುವ ಹಕ್ಕು ಭಾರತೀಯ ತಾಯಿಗೆ ಸಿಕ್ಕಿದ್ದೂ ಅದೇ 1992ರಲ್ಲಿ. ಅದುವರೆಗೆ ನಮ್ಮ 1955ರ ಕಾಯಿದೆಯೂ ತಂದೆಯನ್ನೇ ಕೇಳುತ್ತಿತ್ತು. ಎರಡೂ ದೇಶಗಳಿಗೆ ತಾಯಿಯ ನೆನಪು ಒಂದೇ ವರ್ಷ ಬಂತು ಎನ್ನೋಣ.

ಇನ್ನು ಕಾಗದಪತ್ರದ ಪುರಾಣ. ಮಗುವಿನ ಜನನಪತ್ರಕ್ಕೆ ಸರಕಾರದ ಮುದ್ರೆಗಳು, ಅದರ ಥಾಯ್ ಅನುವಾದ, ಮದುವೆಯ ಸರ್ಟಿಫಿಕೇಟು, ತಾಯಿಯ ಗುರುತಿನ ಚೀಟಿ, ಅವಳ ತವರಿನ ಮನೆ ಪುಸ್ತಕದ ಪ್ರತಿ ಎಲ್ಲವೂ ಒದಗಿದವು. ತೊಡಕಾದದ್ದು ನನ್ನಿಂದ! ಮಗನನ್ನು ಶಾಲೆಗೆ ಸೇರಿಸುವಾಗ ನಾನು ಊರಿನ ಪದ್ಧತಿಯಂತೆ ಇನಿಷಿಯಲ್ ಮುಂದಿಟ್ಟು ಹೆಸರು ಬರೆಸಿದ್ದೆ. ಅದೇ ಪಾಸ್‌ಪೋರ್ಟಿಗೂ ಹೋಯಿತು. ಮದುವೆಯ ಸರ್ಟಿಫಿಕೇಟಿನಲ್ಲಿ ಮಾತ್ರ ಮುಂಬಯಿಯ ಪದ್ಧತಿಯಂತೆ ತನ್ನ ಹೆಸರು, ಅಪ್ಪನ ಹೆಸರು, ಕುಲನಾಮ. ಕಚೇರಿಯವರಿಗೆ ಇವರು ಇಬ್ಬರು ಗಂಡಸರಂತೆ ಕಂಡರು. ಎರಡೂ ಹೆಸರಿನವನು ಒಬ್ಬನೇ, ನನ್ನ ಮಗನೇ ಎಂದು ನಾನು ಅಫಿಡವಿಟ್ ಕೊಡಬೇಕಾಯಿತು. ಪೆಟ್ಟಿಗೆಯ ತಳ ಸೇರಿದ ಕಾಗದ ಅದೇ.

ನನ್ನ ಹಠಕ್ಕೆ ಹೆಂಡತಿಯ ಬೆಂಬಲವೂ ಸಿಕ್ಕಿತು. ಅಲ್ಲಿ ಗಂಡುಮಕ್ಕಳಿಗೆ ಇಪ್ಪತ್ತೊಂದು ತುಂಬುವ ವರ್ಷ ಸೈನ್ಯಕ್ಕೆ ಚೀಟಿ ಎತ್ತಿಸುತ್ತಾರೆ, ಕೆಂಪು ಚೀಟಿ ಬಂದರೆ ಹೋಗಬೇಕು, ಕಪ್ಪು ಬಂದರೆ ಬಿಡುಗಡೆ ಎಂದು ಅವಳಿಗೆ ಯಾರೋ ಹೇಳಿದ್ದರು. ಅದು ನಿಜವೇ. ಹೈಸ್ಕೂಲಿನಲ್ಲಿ ಮೂರು ವರ್ಷ ಸೈನಿಕ ತರಬೇತಿ ಮುಗಿಸಿದವರು ಚೀಟಿ ಎತ್ತಬೇಕಾಗಿಲ್ಲ ಎಂದು ಸೊಸೆ ಎಷ್ಟು ಹೇಳಿದರೂ, ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿದ್ದ ಕೂಸನ್ನು ನೋಡಿ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಪೆಟ್ಟಿಗೆಯಲ್ಲಿ ಬೇರೇನೋ ಹುಡುಕುತ್ತಿದ್ದಾಗ ನನ್ನ ಅಪ್ಪಯ್ಯನ ಹಳೆಯ ಕಾರ್ಡೊಂದು ಕೈಗೆ ಸಿಕ್ಕಿತು. 1971ರದ್ದು. ಆಗ ಮುಂಬಯಿಯಲ್ಲಿ ರೇಷನ್ ಕಾರ್ಡಿಗೆ ಹೆಸರು ಸೇರಿಸಲು, ಊರಿನ ಕಾರ್ಡಿನಿಂದ ಹೆಸರು ತೆಗೆದ ಚೀಟಿ ಬೇಕೆಂದರು. ಊರಿಗೆ ಬರೆದೆ. ಒಂದು ತಿಂಗಳಾಯಿತು, ಎರಡಾಯಿತು, ಉತ್ತರವಿಲ್ಲ. ಹಳ್ಳಿಯವರ ಆಲಸ್ಯ ಎಂದು ನಾನು ಸಿಡಿಮಿಡಿಗೊಂಡಿದ್ದೆ. ಮೂರನೆಯ ತಿಂಗಳು ಚೀಟಿ ಬಂತು, ಹಿಂದೆಯೇ ಈ ಕಾರ್ಡು. "ನಿನ್ನ ಹೆಸರು ತೆಗೆಸಿದ್ದೇನೆ. ಕಾರ್ಡಿನಲ್ಲಿ ಇಲ್ಲದಿದ್ದರೂ ನೀನು ಬಂದಾಗ ಉಣ್ಣಲು ಅಕ್ಕಿ ಇಲ್ಲಿ ಇದ್ದೇ ಇದೆ" ಎಂದಷ್ಟೇ ಬರೆದಿದ್ದರು.

ಆ ಎರಡು ತಿಂಗಳು ಅಪ್ಪಯ್ಯ ಯಾಕೆ ಸುಮ್ಮನಿದ್ದರು ಎಂಬುದು ನನಗೆ ತಿಳಿಯಲು ನಲವತ್ತಾರು ವರ್ಷ ಬೇಕಾಯಿತು. ಮರುದಿನ ಬೆಳಿಗ್ಗೆ ನೋಟರಿಯ ಎದುರು ಸಹಿ ಹಾಕಿದೆ. ಮಗ ಏನೂ ಕೇಳಲಿಲ್ಲ. ಸೊಸೆ ನನ್ನ ಕಾಲು ಮುಟ್ಟಿದಳು. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ.

ದೂತಾವಾಸದಿಂದ ಬಂದ ಜನನಪತ್ರವನ್ನು ಅವಳು ಓದಿ ಹೇಳಿದಳು. ಅದರ ಹೆಸರು 'ಸೂತಿಬತ್'. ಬರೆಯುವುದು ಸೂತಿಪತ್ರ! ಹುಟ್ಟಿದ ವರ್ಷ 2560. ಅವರದು ಬುದ್ಧಶಕೆ, ನಮ್ಮ ಇಸವಿಗೆ 543 ಕೂಡಿಸಬೇಕು. ಆನಂದ ಎಂಬ ಹೆಸರು ಅವರಲ್ಲೂ ಇದೆ. 1991ರಲ್ಲಿ ಅಲ್ಲಿ ಪ್ರಧಾನಿಯಾದವರೇ ಆನಂದ ಪನ್ಯಾರಚುನ್. ಉಚ್ಚಾರ ಮಾತ್ರ 'ಆನನ್'. ಕೊನೆಯ ಅಕ್ಷರವನ್ನು ಬರೆದು, ಅದರ ತಲೆಯ ಮೇಲೆ 'ಉಚ್ಚರಿಸಬೇಡ' ಎಂಬ ಪುಟ್ಟ ಗುರುತು ಹಾಕುತ್ತಾರೆ. "ಅಕ್ಷರ ಅಲ್ಲೇ ಇದೆಯಲ್ಲ, ಸಾಕು" ಎಂದಳು ನನ್ನ ಹೆಂಡತಿ.

ಎರಡು ದೇಶಗಳ ಪಾಸ್‌ಪೋರ್ಟನ್ನು ಒಟ್ಟಿಗೆ ಇಟ್ಟುಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲ. ಮಗುವಿಗೆ ಥಾಯ್ ಪಾಸ್‌ಪೋರ್ಟು ಆಯಿತು, ಆಮೇಲೆ ಓಸಿಐ ಕಾರ್ಡು. ಈ ಕಾರ್ಡಿದ್ದರೆ ಬಂದು ಹೋಗಲು, ಇರಲು ವೀಸಾ ಬೇಡ. ಆದರೆ ಮತ ಹಾಕುವಂತಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ಹೊರದೇಶದ ಸಂಬಂಧ ಬೆಳೆಸಿದ ನಮ್ಮ ಮನೆಗಳು ಈಗ ಅನೇಕ. ಅವರಿಗೆ ನನ್ನದೊಂದು ಮಾತು: ಎಲ್ಲ ಕಾಗದಗಳಲ್ಲೂ ಹೆಸರನ್ನು ಒಂದೇ ರೀತಿ ಬರೆಸಿ, ಮತ್ತು ಯಾವ ಪಾಸ್‌ಪೋರ್ಟು ಎಂದು ತೀರ್ಮಾನಿಸುವ ಮೊದಲು ಎರಡೂ ಕಡೆಯ ಕಾನೂನು ಕೇಳಿ ತಿಳಿಯಿರಿ.

2024ರಲ್ಲಿ ನಾವಿಬ್ಬರೂ ನಖೋನ್ ಪಥೋಮಿಗೆ ಹೋಗಿದ್ದೆವು. ಹುಡುಗನಿಗೆ ಏಳು ತುಂಬಿ, ಹದಿಮೂರು ಅಂಕಿಗಳ ಗುರುತಿನ ಚೀಟಿ ಬಂದಿತ್ತು. ಬೀಗಿತ್ತಿ ಒಳಗಿನಿಂದ ಮನೆ ಪುಸ್ತಕ ತಂದಳು. ಪ್ರಜೆಗಳದ್ದು ನೀಲಿ ರಟ್ಟು, ವಿದೇಶೀಯರದ್ದು ಹಳದಿ. ನೀಲಿಯದರಲ್ಲಿ ತನ್ನ ಹೆಸರು, ಮಗಳ ಹೆಸರು, ಮೊಮ್ಮಗನ ಹೆಸರು ಒಂದೊಂದಾಗಿ ಬೆರಳಿಟ್ಟು ತೋರಿಸಿದಳು. ಹಳದಿಯದರಲ್ಲಿ ನನ್ನ ಮಗ ಒಬ್ಬನೇ ಇದ್ದ. ಅದನ್ನೂ ತೋರಿಸಿ, ಏನೋ ಹೇಳಿ ನಕ್ಕಳು. ನನಗೆ ಭಾಷೆ ಬಾರದು.

"ಯಾಯ್ ಏನು ಹೇಳುತ್ತಾಳೋ?" ಎಂದು ಮೊಮ್ಮಗನನ್ನು ಕೇಳಿದೆ. ಅವರಲ್ಲಿ ತಾಯಿಯ ತಾಯಿಗೆ ಯಾಯ್ ಎನ್ನುತ್ತಾರೆ.

"ಊಟಕ್ಕೆ ಏಳಬೇಕಂತೆ ಅಜ್ಜಯ್ಯ. ಅನ್ನ ಆರುತ್ತದಂತೆ."