ಕಿವಿಗೆ ಹೆಸರು ಗೊತ್ತಾಗಬಾರದು

2007ರ ಫೆಬ್ರವರಿ. ಯಾರೋ ಒಬ್ಬ ಕೇಳುಗರು ಇಂಗ್ಲೆಂಡಿನ ಪಿಯಾನೋ ವಾದಕಿ ಜಾಯ್ಸ್ ಹ್ಯಾಟೊ ಅವರ ಸಿಡಿಯನ್ನು ಕಂಪ್ಯೂಟರಿಗೆ ಹಾಕಿದರು. ಅದರಲ್ಲಿದ್ದದ್ದು ಲಿಸ್ಟ್ ಬರೆದ ಎಟ್ಯೂಡ್‌ಗಳು. ಐಟ್ಯೂನ್ಸ್ ಪರದೆ ಮೇಲೆ ತೋರಿಸಿದ್ದು ಮಾತ್ರ ಬೇರೆಯೇ ಹೆಸರು: ಲಾಸ್ಲೋ ಸೈಮನ್. ಟ್ರ್ಯಾಕುಗಳ ಉದ್ದ ನೋಡಿ ಸಿಡಿ ಗುರುತಿಸೋ ಡೇಟಾಬೇಸ್‌ನ ಉತ್ತರ ಅದು.

ಆಮೇಲೆ ತಜ್ಞರು ಎರಡೂ ರೆಕಾರ್ಡಿಂಗ್‌ಗಳ ತರಂಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಹೊಂದಿಕೆಯಾಯಿತು. ಒಂದೊಂದಾಗಿ ಉಳಿದವೂ ಹೊರಬಿದ್ದವು. ಹ್ಯಾಟೊ ಹೆಸರಲ್ಲಿದ್ದ ರಾಖ್‌ಮನಿನೋವ್ ಮೂರನೇ ಕನ್ಚರ್ಟೊ ನಿಜಕ್ಕೂ ಯೆಫಿಮ್ ಬ್ರಾನ್ಫ್‌ಮನ್ ನುಡಿಸಿದ್ದು. ಆರ್ಕೆಸ್ಟ್ರಾ ನಡೆಸಿದವರು ಅಂತ ಕವರ್ ಮೇಲೆ ಅಚ್ಚಾಗಿದ್ದ ರೆನೇ ಕೋಹ್ಲರ್ ಅನ್ನೋ ಕಂಡಕ್ಟರ್ ಇರಲೇ ಇಲ್ಲ. ಕೆಲವು ಟ್ರ್ಯಾಕುಗಳ ವೇಗವನ್ನೂ ಬದಲಿಸಲಾಗಿತ್ತು. ಹ್ಯಾಟೊ 2006ರಲ್ಲೇ ತೀರಿಕೊಂಡಿದ್ದರು. ಸಿಡಿಗಳನ್ನು ಹೊರತಂದಿದ್ದ ಅವರ ಗಂಡ ವಿಲಿಯಂ ಬ್ಯಾರಿಂಗ್ಟನ್-ಕೂಪ್ ಕೊನೆಗೆ ಒಪ್ಪಿಕೊಂಡರು.

ನಮಗೆ ಇಲ್ಲಿ ಕುತೂಹಲ ಹುಟ್ಟಿಸಿದ್ದು ಕಳ್ಳತನಕ್ಕಿಂತ ಹೊಗಳಿಕೆ. ವೇದಿಕೆ ಬಿಟ್ಟು ದಶಕಗಳಾದ, ಕಾಯಿಲೆಯ ಹೆಂಗಸು ನೂರಕ್ಕೂ ಹೆಚ್ಚು ಸಿಡಿ ಮಾಡಿದ್ದಾರೆ ಅಂದಾಗ ವಿಮರ್ಶಕರು ಕರಗಿಹೋದರು. ಅವರಿಗೆ ಕಿವಿ ಇರಲಿಲ್ಲ ಅಂತ ನಗೋದು ಸುಲಭ. ಆದರೆ ನುಡಿಸಿದ್ದು ನಿಜವಾಗ್ಲೂ ಚೆನ್ನಾಗಿತ್ತಲ್ಲ! ಅದೇ ಬೆರಳುಗಳು ಸ್ವಂತ ಹೆಸರಲ್ಲಿ ಅಂಗಡಿಯಲ್ಲಿದ್ದಾಗ ಯಾಕೆ ಇಷ್ಟು ಸದ್ದಾಗಲಿಲ್ಲ ಅನ್ನೋದೇ ಪ್ರಶ್ನೆ. ಸಾಫ್ಟ್‌ವೇರ್ ಯಾರು ನುಡಿಸಿದ್ದು ಅಂತ ಹೇಳಿತು. ಹೇಗೆ ನುಡಿಸಿದ್ದಾರೆ ಅಂತ ಹೇಳೋ ಕೆಲಸ ಇನ್ನೂ ನಮ್ಮ ಕಿವಿಯದ್ದೇ.

ಹಾಸ್ಟೆಲ್‌ನಲ್ಲಿ ಈ ಸಂಗೀತದ ಹುಚ್ಚು ಹಿಡಿಸಿಕೊಂಡ ನಾವು ನಾಲ್ಕು ಜನ ಅದಕ್ಕೇ ಒಂದು ಪದ್ಧತಿ ಇಟ್ಟುಕೊಂಡಿದ್ದೀವಿ. ಒಬ್ಬರು ಒಂದೇ ಕೃತಿಯ ಎರಡು ರೆಕಾರ್ಡಿಂಗ್ ಹಾಕ್ತಾರೆ, ಹೆಸರು ಹೇಳಲ್ಲ. ಎರಡರ ವಾಲ್ಯೂಮ್ ಸಮ ಇರಲೇಬೇಕು. ಸ್ವಲ್ಪ ಜೋರಾಗಿರೋದು ಸುಮ್ಮನೆ ಚೆನ್ನಾಗಿ ಕೇಳಿಸುತ್ತೆ, ಕಿವಿಯ ಗುಣವೇ ಹಾಗೆ. ಪಿಯಾನೋ ಆದರೆ ಎಡಗೈ ಕಡೆ ಗಮನ. ಆರ್ಕೆಸ್ಟ್ರಾ ಆದರೆ ಎಲ್ಲರೂ ಮೆಲ್ಲಗೆ ನುಡಿಸುವಾಗ ಹಿಂದಿನ ಸಾಲಿನ ವಾದ್ಯಗಳು ಕೇಳಿಸ್ತವಾ ಅಂತ. ಒಪೆರಾ ಆದರೆ ಉಸಿರು ಎಲ್ಲಿ ತಗೊಂಡ್ರು ಅಂತ. ಇಷ್ಟವಾಯ್ತಾ ಅನ್ನೋದರ ಜತೆಗೆ ಕಾರಣವನ್ನೂ ಮೊದಲು ಬರೆದಿಡಬೇಕು.

ಪದ್ಧತಿ ಕೈಕೊಡೋದೂ ಉಂಟು. ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್ ಅನ್ನು ಗ್ಲೆನ್ ಗೌಲ್ಡ್ 1955ರಲ್ಲಿ ಸುಮಾರು 38 ನಿಮಿಷದಲ್ಲಿ ಮುಗಿಸಿದರೆ, 1981ರಲ್ಲಿ 51 ನಿಮಿಷ ತಗೊಂಡರು. ಆದರೆ ನುಡಿಸುತ್ತಾ ಗುನುಗೋದು ಅವರ ಅಭ್ಯಾಸ. ಆ ದನಿ ಕೇಳಿದ ತಕ್ಷಣ ಹೆಸರು ಬಯಲು! ಆದ್ರೂ ಜಗಳಕ್ಕೇನು ಕಡಿಮೆ ಇರಲಿಲ್ಲ. ಇಬ್ಬರಿಗೆ ಮೊದಲನೆಯ ಓಟ ಬೇಕು, ಇಬ್ಬರಿಗೆ ಕೊನೆಯ ನಿಧಾನ. ವಾದಕ ಒಬ್ಬನೇ ಆದಾಗ ಹೆಸರು ನಮ್ಮ ಸಹಾಯಕ್ಕೆ ಬರಲ್ಲ, ಕಾರಣ ಹುಡುಕಲೇಬೇಕು.

ಇನ್ನೂ ತೊಡಕಿನದು 1952ರ 'ಟ್ರಿಸ್ಟಾನ್ ಉಂಡ್ ಇಸೋಲ್ಡೆ'. ವಾಗ್ನರನ ಈ ಒಪೆರಾದಲ್ಲಿ ಇಸೋಲ್ಡೆಯಾಗಿ ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ಆರ್ಕೆಸ್ಟ್ರಾ ನಡೆಸಿದವರು ಫುರ್ಟ್‌ವೆಂಗ್ಲರ್. ಆಗ 56 ದಾಟುತ್ತಿದ್ದ ಫ್ಲಾಗ್‌ಸ್ಟಾಡ್ ಪರವಾಗಿ ಎರಡನೇ ಅಂಕದ ಹೈ-ಸಿ ಸ್ವರಗಳನ್ನು ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿಕೊಟ್ಟರು. ಕವರ್ ಮೇಲೆ ಆ ಹೆಸರಿಲ್ಲ. ಗುಟ್ಟು ರಟ್ಟಾದರೂ ಆ ರೆಕಾರ್ಡಿಂಗ್‌ನ ಗೌರವ ಕಡಿಮೆಯಾಗಲಿಲ್ಲ. ಉಳಿದಷ್ಟೂ ಗಂಟೆ ಹಾಡಿದ್ದು ಫ್ಲಾಗ್‌ಸ್ಟಾಡೇ. ಹಾಗಾದರೆ ಎಷ್ಟು ಸ್ವರದವರೆಗೆ ಎಡಿಟಿಂಗ್, ಎಲ್ಲಿಂದ ಮೋಸ? ನಾವಿನ್ನೂ ಒಮ್ಮತಕ್ಕೆ ಬಂದಿಲ್ಲ.

ಒಂದರಲ್ಲಿ ಮಾತ್ರ ನಾಲ್ವರೂ ಒಂದೇ. ತೀರ್ಪು ಬರೆಯೋವರೆಗೆ ಹೆಸರು ಮುಚ್ಚಿರಲಿ, ಬರೆದಾದ ಮೇಲೆ ತೆರೆಯಲೇಬೇಕು. ಮುಚ್ಚದಿದ್ದರೆ ನಮ್ಮ ಕಿವಿಗೆ ಮೋಸ, ತೆರೆಯದಿದ್ದರೆ ನುಡಿಸಿದವರಿಗೆ ಮೋಸ. ಆ ಎಟ್ಯೂಡ್‌ಗಳಿಗಾಗಿ ವರ್ಷಗಟ್ಟಲೆ ಬೆರಳು ಸವೆಸಿದ್ದು ಲಾಸ್ಲೋ ಸೈಮನ್. ಆ ಮೆಚ್ಚುಗೆ ಅವರಿಗೇ ಸೇರಬೇಕಾದದ್ದು.