ಆಲೆಮನೆಗೆ ಥರ್ಮಾಮೀಟರ್ ತಂದ ಕಥೆ

ಆಲೆಮನೆ ಹೂಡೋ ಕಾಲ ಬಂತು, ಅದಕ್ಕೆ ಇದನ್ನ ಬರೀತಾ ಇದೀನಿ. ಸ್ವಲ್ಪ ಉದ್ದ ಆಯ್ತು, ಪೂರ್ತಿ ಓದಿ.

ನಮ್ಮನೇಲಿ ಪಾಕ ನೋಡೋರು ಅಪ್ಪ. ಕೊಪ್ಪರಿಗೇಲಿ ಗುಳ್ಳೆ ಏಳೋದು ನೋಡಿ, ಚೂರು ಪಾಕ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ, "ಇಳಿಸ್ರಲಾ" ಅಂದ್ರೆ ಮುಗೀತು. ಹೋದ ವರ್ಷ ಅವರ ಕಣ್ಣಿಗೆ ಪೊರೆ ಬಂತು. ರಾತ್ರಿ ಹೊತ್ತು, ಹಬೆ, ಹೊಗೆ. ಒಂದು ಕೊಪ್ಪರಿಗೆ ಸೀದು ಕಪ್ಪಾಯ್ತು. ಮುಂದಿನದು ಹದಕ್ಕೆ ಮೊದಲೇ ಇಳಿಸಿ ಅಚ್ಚಲ್ಲಿ ನಿಲ್ಲಲಿಲ್ಲ, ಅಂಟಂಟು. ಅಪ್ಪ ಎರಡು ದಿನ ಆಲೆಮನೆ ಕಡೆ ತಲೆ ಹಾಕಲಿಲ್ಲ. ಬೆಲ್ಲ ಹೋಗಿದ್ದಕ್ಕಿಂತ ಅದೇ ನನಗೆ ಸಂಕಟ ಆಯ್ತು.

ಥರ್ಮಾಮೀಟರ್ ತರೋಣ ಅಂತ ಹೊರಟೆ. ಮನೇಲಿರೋ ಜ್ವರದ್ದು ಆಗಲ್ಲ, ಅದು 42 ಡಿಗ್ರಿಗೇ ಮುಗಿಯುತ್ತೆ. ನಮಗೆ 150 ಆದ್ರೂ ತೋರಿಸೋದು ಬೇಕು. ಗಾಜಿನದು ಕೈಗೆ ತಗೊಂಡೆ, ವಾಪಸ್ ಇಟ್ಟೆ. ಪಾಕದೊಳಗೆ ಒಡೆದ್ರೆ ಗಾಜು, ಪಾದರಸ ಎಲ್ಲಾ ಬೆಲ್ಲದಲ್ಲೇ. ಇಡೀ ಕೊಪ್ಪರಿಗೆ ತಿಪ್ಪೆಗೆ ಸುರೀಬೇಕು. ಗನ್ ಥರ ಹಿಡಿಯೋದು ಮಗನಿಗೆ ಇಷ್ಟ ಆಯ್ತು. ಆದ್ರೆ ಅದು ಮೇಲ್ಮೈ ಕಾವು ಮಾತ್ರ ಹೇಳುತ್ತೆ. ನೊರೆ, ಹಬೆ ಅಡ್ಡ ಬಂದ್ರೆ ಸುಳ್ಳು ಲೆಕ್ಕ. ಅಡುಗೆಮನೆ ಡಿಜಿಟಲ್ ಬೇಗ ತೋರಿಸುತ್ತೆ ನಿಜ, ಆದ್ರೆ ಕಡ್ಡಿ ಗಿಡ್ಡ, ಕೈ ಬೇಯುತ್ತೆ.

ಕೊನೆಗೆ ತಂದಿದ್ದು ಗಡಿಯಾರದ ಹಾಗೆ ಮುಳ್ಳಿರೋ, ಉದ್ದ ಸ್ಟೀಲ್ ಕಡ್ಡಿಯದು. ಬ್ಯಾಟರಿ ಬೇಡ. ಅಂಕಿ ದೊಡ್ಡದು, ಅಪ್ಪನಿಗೂ ಕಾಣ್ಲಿ ಅಂತ. ಹಿಂದೆ ಒಂದು ನಟ್ ಇದೆ, ಮುಳ್ಳು ತಪ್ಪಿದ್ರೆ ಸರಿ ಮಾಡೋಕೆ. ಕಡ್ಡಿ ಮೂರು ಬೆರಳಗಲವಾದ್ರೂ ಮುಳುಗಬೇಕು, ಕೊಪ್ಪರಿಗೆ ತಳಕ್ಕೆ ತಾಗಬಾರದು. ಮುಳ್ಳು ನಿಲ್ಲೋವರೆಗೂ ಕಾಯಬೇಕು.

ಈಗ ಮುಖ್ಯ ವಿಷಯ. ತಂದ ದಿನ ನೀರು ಕುದಿಸಿ ಅದ್ದಿದೆ. 98ರ ಹತ್ತಿರ ನಿಂತುಬಿಡ್ತು! ಅಂಗಡಿಯವನು ಟೋಪಿ ಹಾಕ್ದ ಅನ್ಕೊಂಡೆ. ಐಸ್ ಪುಡಿ ಮಾಡಿ ನೀರಲ್ಲಿ ಕಲಸಿ ಅದ್ದಿದ್ರೆ ಸರಿಯಾಗಿ ಸೊನ್ನೆ. ಮೀಟರ್ ಸರಿಯಾಗೇ ಇತ್ತು, ಊರು ಎತ್ತರದಲ್ಲಿದೆ ಅಷ್ಟೇ. ನೀರು 100ಕ್ಕೆ ಕುದಿಯೋದು ಸಮುದ್ರ ಮಟ್ಟದಲ್ಲಿ. ಸುಮಾರು 300 ಮೀಟರ್ ಮೇಲೆ ಹೋದ್ರೆ ಒಂದು ಡಿಗ್ರಿ ಕಮ್ಮಿ ಆಗುತ್ತೆ. ನಮ್ಮ ಮಂಡ್ಯ ಸೀಮೆ 700 ಮೀಟರ್ ಆಸುಪಾಸು.

ಅಚ್ಚು ಬೆಲ್ಲಕ್ಕೆ 118, ಪುಡಿಗೆ 120ರಿಂದ 122, ಜೋನಿ ಬೆಲ್ಲಕ್ಕೆ 105-106 ಅಂತ ಹೇಳ್ತಾರಲ್ಲ, ಅದನ್ನ ಹಾಗೇ ಹಿಡಿದ್ರೆ ನಮ್ಮಲ್ಲಿ ಎರಡು ಡಿಗ್ರಿ ಜಾಸ್ತಿ ಬೇಯಿಸಿದ ಹಾಗೆ. ಅಲ್ಲೇ ಬಣ್ಣ ಕೆಡೋದು. ನಿಮ್ಮ ಮೀಟರಲ್ಲಿ ನೀರು ಎಷ್ಟಕ್ಕೆ ಕುದಿಯುತ್ತೆ ನೋಡಿ, ಅದರ ಮೇಲೆ 18 ಎಣಿಸಿ. ಅಚ್ಚಿಗೆ ನಮ್ಮದು 116.

ಮೊದಲನೇ ಕೊಪ್ಪರಿಗೆ ದಿನ ಅಪ್ಪ ಕುರ್ಚಿ ಹಾಕ್ಕೊಂಡು ಒಲೆ ಹತ್ರ ಕೂತ್ರು, ಮಾತಿಲ್ಲ. ಮುಳ್ಳು 115 ದಾಟ್ತು. ನಾನು ಬಾಯಿ ಬಿಡೋ ಮೊದಲೇ ಅಪ್ಪ ನೀರಿಗೆ ಪಾಕ ಬಿಟ್ಟು, ಬೆರಳಲ್ಲಿ ಉರುಳಿಸಿ, "ಇಳಿಸ್ಲಾ ಮಗ" ಅಂದ್ರು. ನೋಡಿದ್ರೆ 116. ಕಣ್ಣು ಹೋಗಿದ್ರೂ ಬೆರಳು ಹೋಗಿರ್ಲಿಲ್ಲ.

ಆಮೇಲೆ ಮಲಗಿದ ಕಬ್ಬು ಅರೆದ ದಿನ 116 ಬಂದ್ರೂ ಉಂಡೆ ಗಟ್ಟಿಯಾಗ್ಲಿಲ್ಲ. "ನಿನ್ನ ಗಡಿಯಾರಕ್ಕೆ ಕಬ್ಬು ಮಲಗಿದ್ದು ಗೊತ್ತಾ?" ಅಂದ್ರು ಅಪ್ಪ. ಮೀಟರ್ ಕಾವು ಹೇಳುತ್ತೆ, ಹದ ಹೇಳಲ್ಲ. ಅದಕ್ಕೇ ನಮ್ಮಲ್ಲಿ ಈಗ 112ಕ್ಕೆ ನಾನು ಕೂಗ್ತೀನಿ, ಅಲ್ಲಿಂದ ಮುಂದೆ ಅಪ್ಪಂದು.

ನಿಮ್ಮ ಹತ್ರ ಮೀಟರ್ ಇದ್ರೆ ಒಮ್ಮೆ ನೀರಲ್ಲಿ ಕುದಿಸಿ ನೋಡಿ, ಎಷ್ಟು ಬಂತು ಅಂತ ಕೆಳಗೆ ಬರೀರಿ.