ಹಾಸ್ಟೆಲ್ಲು ಪೇಟೆ ದಾಟಿದ ರಾತ್ರಿ

1979ರ ಆಷಾಢ. ಗಾಳಿಗೆ ಬೀದಿ ದೀಪಗಳು ಆರಿ ಹೋಗಿದ್ದ ಒಂದು ರಾತ್ರಿ ನಾವು ಹುಡುಗರೆಲ್ಲ ಸೇರಿ ನಮ್ಮ ಹಾಸ್ಟೆಲ್ಲನ್ನು ತಲೆ ಮೇಲೆ ಹೊತ್ತುಕೊಂಡು ಪೇಟೆ ದಾಟಿದೆವು. ಕಟ್ಟಡ ಬಾಡಿಗೆಯದು, ಅದು ನಿಂತಲ್ಲೇ ನಿಂತಿತು. ಸರ್ಕಾರದ್ದು ಅಂತ ಅದರೊಳಗೆ ಇದ್ದದ್ದು ಐವತ್ತು ಅಲ್ಯುಮಿನಿಯಂ ತಟ್ಟೆ, ಅಷ್ಟೇ ಲೋಟ, ಎರಡು ಕೊಳದಪ್ಪಲೆ, ಮುದ್ದೆ ತಿರುವುವ ಕೋಲು, ಮೂರು ಮೂಟೆ ರಾಗಿ, ಒಂದು ಚೀಲ ಹುರುಳಿ, ಜಮಖಾನಗಳು, ಹಾಜರಿ ಪುಸ್ತಕ ಮತ್ತು ಬಾಗಿಲ ಮೇಲೆ ತೂಗುತ್ತಿದ್ದ ತಗಡಿನ ಬೋರ್ಡು. ಬೋರ್ಡು ಹೊತ್ತವನು ನಾನು. ಆಗ ಒಂಬತ್ತನೇ ತರಗತಿ.

ನಾವಿದ್ದದ್ದು ಹಳೇ ಎಣ್ಣೆ ಗಿರಣಿಯ ಉಗ್ರಾಣದಲ್ಲಿ. ಗೋಡೆಗೆ ಒರಗಿದರೆ ಅಂಗಿಗೆ ಹಿಂಡಿಯ ವಾಸನೆ ಅಂಟುತ್ತಿತ್ತು. ಒಂದೇ ಉದ್ದನೆಯ ಕೋಣೆ, ಎರಡು ಸಾಲು ಚಾಪೆ, ತಲೆದೆಸೆಗೆ ಅವರವರ ಟ್ರಂಕು. ಸ್ನಾನಕ್ಕೆ ಕೆರೆ ಏರಿ. ಓದಲು ಎರಡು ಬಲ್ಬು, ಅವುಗಳ ಕೆಳಗೆ ಜಾಗ ಹಿಡಿಯಲು ಸಂಜೆಯಿಂದಲೇ ಪೈಪೋಟಿ. ಹೀಗೆ ಹೇಳಿದರೆ ಕಷ್ಟದ ಕಥೆ ಅನ್ನಿಸಬಹುದು. ನಮಗೆ ಹಾಗಿರಲಿಲ್ಲ. ಎರಡು ಹೊತ್ತು ಬಿಸಿ ಮುದ್ದೆ, ಬೆಳಿಗ್ಗೆ ಉಪ್ಪಿಟ್ಟು, ಹೈಸ್ಕೂಲಿಗೆ ಐದು ನಿಮಿಷದ ದಾರಿ. ಊರಿನಿಂದ ದಿನಾ ನಡೆದು ಬರುವುದಾಗಿದ್ದರೆ ಹನ್ನೊಂದು ಮೈಲಿ, ನಡುವೆ ಒಂದು ಹಳ್ಳ. ನನ್ನ ಜೊತೆ ಏಳನೇ ತರಗತಿ ಪಾಸಾದ ಹುಡುಗರಲ್ಲಿ ಸೀಟು ಸಿಕ್ಕವರು ಇಬ್ಬರು, ಮುಂದೆ ಓದಿದವರೂ ಆ ಇಬ್ಬರೇ. ಬುದ್ಧಿಯಲ್ಲಿ ಉಳಿದವರು ನಮಗಿಂತ ಕಡಿಮೆಯವರೇನಲ್ಲ.

ಈ ಸೀಟುಗಳು ಎಲ್ಲಿಂದ ಬಂದವು ಎಂಬುದನ್ನು ಸ್ವಲ್ಪ ಹೇಳಬೇಕು. ಮೈಸೂರು ಸೀಮೆಯಲ್ಲಿ ದೊಡ್ಡ ಸಮುದಾಯಗಳಿಗೆ ನಮ್ಮ ತಾತನ ಕಾಲದಿಂದಲೂ ತಮ್ಮದೇ ವಿದ್ಯಾರ್ಥಿನಿಲಯಗಳಿದ್ದವು. ಒಕ್ಕಲಿಗರ ಸಂಘ ಹುಟ್ಟಿದ್ದೇ 1906ರಲ್ಲಿ. ಮಠಗಳು ಅನ್ನ, ಅಕ್ಷರ ಎರಡನ್ನೂ ಕೊಟ್ಟವು. ಸಿದ್ಧಗಂಗೆಯಲ್ಲಿ ಉಂಡು ಓದಿದವರು ಎಲ್ಲ ಜಾತಿಗಳಲ್ಲೂ ಇದ್ದಾರೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು, ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ದಲಿತ ಮಕ್ಕಳ ಓದಿಗಾಗಿ ಜೀವ ತೇಯ್ದರು. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ನಾವು ಕುಂಬಾರರು. ನಮ್ಮ ಸೀಮೆಯಲ್ಲಿ ನಮಗೆ ಹೇಳಿಕೊಳ್ಳುವಂಥ ಸಂಘವಿರಲಿಲ್ಲ, ಪೇಟೆಯಲ್ಲಿ ಜಾಗವಿರಲಿಲ್ಲ, ನಮ್ಮ ಪರವಾಗಿ ಅರ್ಜಿ ಬರೆಯುವ ವಕೀಲರೂ ಇರಲಿಲ್ಲ. ಅಗಸರು, ಉಪ್ಪಾರರು, ಗಾಣಿಗರು, ಹಜಾಮರು, ಎಲ್ಲರದ್ದೂ ಹೆಚ್ಚುಕಡಿಮೆ ಇದೇ ಪಾಡು. ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾಗಿ ಎಲ್.ಜಿ. ಹಾವನೂರರ ಆಯೋಗ ನೇಮಿಸಿದರು. 1975ರಲ್ಲಿ ವರದಿ ಬಂತು. ಎರಡು ವರ್ಷದ ಮೇಲೆ ಹಿಂದುಳಿದವರಿಗೂ ಅಲ್ಪಸಂಖ್ಯಾತರಿಗೂ ಪ್ರತ್ಯೇಕ ಇಲಾಖೆಯೇ ಆಯಿತು. ಇವತ್ತಿಗೂ ಜನ 'ಬಿಸಿಎಂ ಹಾಸ್ಟೆಲ್' ಅನ್ನುವುದು ಆ ಇಲಾಖೆಯ ಇಂಗ್ಲಿಷ್ ಹೆಸರಿನ ಮೂರು ಅಕ್ಷರಗಳಿಂದಲೇ. ಮೀಸಲಾತಿಯ ಮಾತು ಬಂದಾಗ ಎಲ್ಲರೂ ಹಾವನೂರರನ್ನು ನೆನೆಯುತ್ತಾರೆ. ನನ್ನ ಮಟ್ಟಿಗೆ ಅರಸರ ಕಾಲ ಎಂದರೆ ಮೊದಲು ನೆನಪಾಗುವುದು ಆ ಎಣ್ಣೆ ಗಿರಣಿಯ ಉಗ್ರಾಣ. ಹೈಸ್ಕೂಲು ಮುಗಿಸದವನಿಗೆ ಮೀಸಲಾತಿ ಇದ್ದೇನು ಬಂತು?

ಆ ಕಾಲದಲ್ಲಿ ಸರ್ಕಾರ ಮಾಡಿದ ಒಳ್ಳೆಯ ಕೆಲಸವೆಂದರೆ ಕಟ್ಟಡಕ್ಕೆ ಕಾಯದೇ ಇದ್ದದ್ದು. ಐವತ್ತು ಹುಡುಗರಿಗೆ ಮಂಜೂರಾತಿ ಕೊಡು, ಸಿಕ್ಕ ಮನೆ ಬಾಡಿಗೆಗೆ ಹಿಡಿ, ಅಡುಗೆಯವನೊಬ್ಬನನ್ನು ನೇಮಿಸು, ಒಲೆ ಹಚ್ಚು. ಸ್ವಂತ ಕಟ್ಟಡ ಆಗಲಿ ಆಮೇಲೆ ನೋಡೋಣ ಅಂದಿದ್ದರೆ ನನ್ನ ವಯಸ್ಸಿನವರ ಪಾಲಿಗೆ ಯಾವುದೂ ಇರುತ್ತಿರಲಿಲ್ಲ. ಆದರೆ ಬಾಡಿಗೆ ಕಟ್ಟಡದ ಇನ್ನೊಂದು ಮುಖವನ್ನೂ ನಾವೇ ಕಂಡೆವು. ಬಾಡಿಗೆ ಎಷ್ಟೆಂದು ಗೊತ್ತುಮಾಡುವವರು ಲೋಕೋಪಯೋಗಿ ಇಲಾಖೆಯ ಇಂಜಿನಿಯರು. ಬಿಲ್ಲು ಜಿಲ್ಲೆಗೆ ಹೋಗಬೇಕು, ಅಲ್ಲಿಂದ ಖಜಾನೆಗೆ. ಖಜಾನೆಯವರು ಒಂದು ಆಕ್ಷೇಪಣೆ ಬರೆದರೆ ಮತ್ತೆ ಮೊದಲಿನಿಂದ. ಗಿರಣಿ ಸಾಹುಕಾರರಿಗೆ ಬಾಡಿಗೆ ಬಂದು ಎಷ್ಟೋ ತಿಂಗಳಾಗಿತ್ತು. ಅಷ್ಟರಲ್ಲಿ ಮಂಡಿ ವರ್ತಕರೊಬ್ಬರು ಎರಡು ಪಟ್ಟು ಕೊಡುತ್ತೇನೆಂದು ಮುಂದೆ ಬಂದರು. ಸಾಹುಕಾರರು ಕೆಟ್ಟವರಲ್ಲ, ಹಬ್ಬದ ದಿನ ನಮಗೆಲ್ಲ ಬೆಲ್ಲ ಕಳಿಸುತ್ತಿದ್ದರು. ಅವರಿಗೂ ಮಗಳ ಮದುವೆ ಹತ್ತಿರವಿತ್ತು.

ವಾರ್ಡನ್ ಮೇಷ್ಟ್ರು ಸಂಜೆ ತಾಲ್ಲೂಕು ಕಚೇರಿಯಿಂದ ಬಂದವರು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತರು.

"ಊಟ ಮುಗ್ಸಿ ಎಲ್ರೂ ಟ್ರಂಕ್ ಕಟ್ಕಳಿ. ಇವತ್ತೇ ಹೊರಡ್ಬೇಕು."

"ಊರಿಗಾ ಸಾ?" ಅಂತ ಒಬ್ಬ ಸಣ್ಣ ಹುಡುಗ ಕೇಳಿದ. ಆರನೇ ತರಗತಿಯವನು. ಅವನ ದನಿ ನನಗಿನ್ನೂ ಕಿವಿಯಲ್ಲಿದೆ, ಯಾಕೆಂದರೆ ನಮ್ಮೆಲ್ಲರ ಎದೆಯಲ್ಲಿ ಇದ್ದದ್ದೂ ಅದೇ ಪ್ರಶ್ನೆ. ಹಾಸ್ಟೆಲ್ಲು ಮುಚ್ಚಿದರೆ ಊರು, ಊರಿಗೆ ಹೋದರೆ ಮತ್ತೆ ಬರುವುದಿಲ್ಲ.

"ಊರಿಗ್ಯಾಕೋ? ಛತ್ರಕ್ಕೆ. ಆಷಾಢ ಅಲ್ವಾ, ಮದುವೆ ಇಲ್ಲ. ತಹಶೀಲ್ದಾರ್ರು ಒಪ್ಪವ್ರೆ."

ರಾತ್ರಿಯೇ ಯಾಕೆ ಎಂದು ಆಮೇಲೆ ತಿಳಿಯಿತು. ಒಂದು ದಿನ ಒಲೆ ಹಚ್ಚದೇ ಹೋದರೆ, ಆ ದಿನದ ಹಾಜರಿ ಬೀಳದೇ ಹೋದರೆ, 'ಕಟ್ಟಡವಿಲ್ಲದ ಕಾರಣ ವಿದ್ಯಾರ್ಥಿನಿಲಯ ನಡೆಯುತ್ತಿಲ್ಲ' ಎಂದು ಯಾರಾದರೂ ವರದಿ ಬರೆಯಬಹುದಿತ್ತು. ಒಮ್ಮೆ ಹಾಗೆ ಕಾಗದಕ್ಕೆ ಬಿದ್ದರೆ ಐವತ್ತು ಸೀಟು ಬೇರೆ ತಾಲ್ಲೂಕಿಗೆ ಹೋಗುತ್ತಿತ್ತು. ರಾತ್ರಿ ಊಟ ಗಿರಣಿಯಲ್ಲಿ, ಬೆಳಗಿನ ಉಪ್ಪಿಟ್ಟು ಛತ್ರದಲ್ಲಿ. ನಡುವೆ ಒಂದು ಹೊತ್ತೂ ತಪ್ಪಬಾರದು. ಮೇಷ್ಟ್ರ ಲೆಕ್ಕ ಅದು.

ಹೊರಟೆವು. ದೊಡ್ಡವರ ತಲೆ ಮೇಲೆ ರಾಗಿ, ಸಣ್ಣವರ ಕೈಯಲ್ಲಿ ತಟ್ಟೆ. ಕೊಳದಪ್ಪಲೆಗೆ ಬಿದಿರು ಕೊಟ್ಟು ನಾಲ್ಕು ಜನ ಹೆಗಲಿಗೇರಿಸಿದರು. ಅಡುಗೆಯಣ್ಣ ಒಲೆಯ ಕೆಂಡವನ್ನು ಒಂದು ಮಡಕೆಯಲ್ಲಿ ತುಂಬಿ ಬೂದಿ ಮುಚ್ಚಿ ತಾನೇ ಹಿಡಿದುಕೊಂಡ. ಎಲ್ಲಕ್ಕಿಂತ ಕಷ್ಟವಾದದ್ದು ನೀರಿನ ಗುಡಾಣ. ಅದು ನಮ್ಮಪ್ಪ ಮಾಡಿಕೊಟ್ಟದ್ದು. ನನಗೆ ಸೀಟು ಸಿಕ್ಕ ವರ್ಷ ಗಾಡಿಯಲ್ಲಿ ಹುಲ್ಲು ಹಾಸಿ ತಂದು, "ಮಕ್ಳು ನೀರ್ ಕುಡೀಲಿ ಸಾಮಿ" ಅಂತ ಮೇಷ್ಟ್ರ ಮುಂದೆ ಇಳಿಸಿ ಹೋಗಿದ್ದರು. ಒಡೆದೀತೆಂದು ಬಿಟ್ಟು ಹೋಗೋಣ ಅಂದರು ಕೆಲವರು. ಮೇಷ್ಟ್ರು ಒಪ್ಪಲಿಲ್ಲ. ಸೋನೆ ಮಳೆ ಶುರುವಾಗಿತ್ತು. ಪೇಟೆಯಲ್ಲಿ ಅಂಗಡಿ ಮುಚ್ಚುತ್ತಿದ್ದವರು ಹಲಗೆ ಹಿಡಿದೇ ನಿಂತು ನೋಡಿದರು. ದಿನಸಿ ಅಂಗಡಿಯವರೊಬ್ಬರು ಲಾಟೀನು ಹಿಡಿದು ಛತ್ರದ ತನಕ ಮುಂದೆ ನಡೆದರು, ಏನೂ ಕೇಳಲಿಲ್ಲ. ಬೋರ್ಡು ಒದ್ದೆಯಾಗಿ ಅದರ ಬಣ್ಣ ನನ್ನ ಅಂಗಿಗೆ ಇಳಿದಿತ್ತು. ಛತ್ರದ ಕಂಬಕ್ಕೆ ಅದನ್ನು ಕಟ್ಟಿದ ಮೇಲೆಯೇ ಮೇಷ್ಟ್ರು ಕೂತದ್ದು. ಗುಡಾಣ ಒಡೆಯಲಿಲ್ಲ.

ಶ್ರಾವಣಕ್ಕೆ ಮತ್ತೆ ಎದ್ದೆವು, ಮದುವೆಗಳು ಶುರುವಾದವಲ್ಲ. ಅಲ್ಲಿಂದ ಹೈಸ್ಕೂಲಿನ ಎರಡು ಕೊಠಡಿ. ರಾತ್ರಿ ಬೆಂಚು ಜರುಗಿಸಿ ಮಲಗುವುದು, ಬೆಳಿಗ್ಗೆ ಹಾಸಿಗೆ ಸುತ್ತಿ ಜಗಲಿಗೆ ಹಾಕುವುದು. ನಾನು ಎಸ್‌ಎಸ್‌ಎಲ್‌ಸಿ ಬರೆದದ್ದು ಆ ಕೊಠಡಿಯಿಂದಲೇ.

ಸ್ವಂತ ಕಟ್ಟಡಕ್ಕೆ ಹಣ ಆ ಹೊತ್ತಿಗೆ ಮಂಜೂರಾಗಿತ್ತು. ಜಾಗವೇ ಇರಲಿಲ್ಲ. ಇದನ್ನು ನಾನು ಆಮೇಲೆ ಶಿಕ್ಷಕನಾಗಿ ಕೆಲಸ ಮಾಡಿದ ಊರುಗಳಲ್ಲೆಲ್ಲ ಕಂಡಿದ್ದೇನೆ. ಹಣ ಬೆಂಗಳೂರಿನಿಂದ ಬರುತ್ತದೆ, ಆದೇಶ ಬರುತ್ತದೆ, ನಿವೇಶನ ಮಾತ್ರ ಊರಿನವರೇ ಬಿಟ್ಟುಕೊಡಬೇಕು. ಪೇಟೆಯೊಳಗಿನ ಖಾಲಿ ಜಾಗಕ್ಕೆಲ್ಲ ಯಾರದೋ ಕಣ್ಣಿರುತ್ತದೆ. 'ಆ ಹುಡುಗರು' ಪಕ್ಕದಲ್ಲಿರುವುದು ಬೇಡ ಅನ್ನುವ ಮಾತೂ ಪಿಸುಗುಟ್ಟಿ ಬರುತ್ತದೆ. ಕೊನೆಗೆ ಗುಡ್ಡದ ಅಂಚಿನ ಗೋಮಾಳವನ್ನು ಅಳೆದು ಕೊಡುತ್ತಾರೆ. ಎಷ್ಟೋ ಊರುಗಳಲ್ಲಿ ಸರ್ಕಾರಿ ಹಾಸ್ಟೆಲ್ಲಿಗೆ ದಾರಿ ಕೇಳಿದರೆ ಊರಾಚೆ ಕೈ ತೋರಿಸುವುದು ಇದಕ್ಕೇ. ನಮ್ಮ ಹಾಸ್ಟೆಲ್ಲಿಗೂ ಗೋಮಾಳವೇ ಸಿಕ್ಕಿತು. ಗುದ್ದಲಿ ಪೂಜೆಯಾಗಿ, ಪಾಯ ಎದ್ದು, ಹಂಚಿಕೆ ಹಣ ಮುಗಿದು ನಿಂತು, ಮತ್ತೆ ಎದ್ದು, ಮಕ್ಕಳು ಒಳಗೆ ಕಾಲಿಡುವಾಗ 1986. ನೂರು ಮಕ್ಕಳಿಗೆ ಕಟ್ಟಿದ ಗಟ್ಟಿ ಕಟ್ಟಡ, ಇವತ್ತಿಗೂ ನಿಂತಿದೆ. ಗಂಡು ಮಕ್ಕಳು ಒಂದೂವರೆ ಮೈಲಿ ನಡೆದು ಶಾಲೆಗೆ ಬಂದರು. ನಡೆಯಬಲ್ಲರು, ನಡೆದರು.

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ, ನನ್ನೊಳಗೆ ಉಳಿದಿರುವುದು ಅದು.

ನನ್ನ ತಂಗಿ ನನಗಿಂತ ಎರಡು ವರ್ಷ ಚಿಕ್ಕವಳು. ಅಪ್ಪ ಸಂತೆಯಲ್ಲಿ ಮಡಕೆ ಮಾರಿ ಬಂದ ಲೆಕ್ಕವನ್ನು ಬಾಯಲ್ಲೇ ಮಾಡಿ ಹೇಳುತ್ತಿದ್ದಳು. ನಾನು ಕಡ್ಡಿ ಹಿಡಿದು ನೆಲದ ಮೇಲೆ ಬರೆಯುತ್ತಿದ್ದೆ. ಏಳನೇ ತರಗತಿಯಲ್ಲಿ ಶಾಲೆಗೇ ಮೊದಲಿಗಳು. ಅಪ್ಪ ಫಲಿತಾಂಶ ಹಿಡಿದು ಮೇಷ್ಟ್ರ ಹತ್ತಿರ ಬಂದರು. ನಾವು ಶಾಲೆಯ ಕೊಠಡಿಯಲ್ಲಿದ್ದ ಕಾಲ ಅದು.

"ಹೆಣ್ ಮಗೀಗೂ ಒಂದ್ ಸೀಟ್ ಕೊಡ್ಸಿ ಸಾಮಿ. ಇನ್ನೊಂದ್ ಗುಡಾಣ ಮಾಡ್ಕೊಡ್ತೀನಿ."

ಮೇಷ್ಟ್ರು ಎದ್ದು ನಿಂತು ಅಪ್ಪನ ಎರಡೂ ಕೈ ಹಿಡಿದುಕೊಂಡರು. ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲೇ ಇರಲಿಲ್ಲ. ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ, ಅಲ್ಲಿ ಸೀಟು ಭರ್ತಿ. ಅವರೇ ಕೂತು ಮೂರು ಅರ್ಜಿ ಬರೆದರು, ಒಂದನ್ನು ಮಂತ್ರಿಗಳಿಗೂ ಕಳಿಸಿದರು. ಉತ್ತರ ಬರುವ ಹೊತ್ತಿಗೆ ತಂಗಿ ಮರದ ಹಲಗೆ ಹಿಡಿದು ಹಸಿ ಮಡಕೆ ತಟ್ಟುತ್ತಿದ್ದಳು. ಹದಿನಾರಕ್ಕೆ ಮದುವೆಯಾಯಿತು.

ನಮ್ಮ ತಾಲ್ಲೂಕಿಗೆ ಹೆಣ್ಣುಮಕ್ಕಳ ಹಾಸ್ಟೆಲ್ಲು ಬಂದದ್ದು ತೊಂಬತ್ತರ ದಶಕದಲ್ಲಿ. ಅದೂ ಬಾಡಿಗೆ ಮನೆ. ಗಂಡು ಹುಡುಗರಿಗೆ ಕೆರೆ ಏರಿ ಸಾಕಿತ್ತು, ಹೆಣ್ಣುಮಕ್ಕಳಿಗೆ ಬಾಗಿಲಿರುವ ಬಚ್ಚಲು ಬೇಕು, ನೀರು ಬರುವ ಪಾಯಿಖಾನೆ ಬೇಕು, ರಾತ್ರಿ ಕಾವಲು ಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಮನೆಯವರು ಮಗಳನ್ನು ವಾಪಸು ಕರೆದುಕೊಂಡು ಹೋಗುತ್ತಾರೆ, ಸೀಟು ಮಾತ್ರ ಪುಸ್ತಕದಲ್ಲಿ ಭರ್ತಿಯಾಗಿಯೇ ಇರುತ್ತದೆ. ನನ್ನ ತಂಗಿಯ ಮಗಳು ಆ ಮನೆಯಲ್ಲಿದ್ದು ಓದಿದಳು. ನೀರಿಲ್ಲದ ಬೇಸಿಗೆಯಲ್ಲಿ ತಾಯಿಯೇ ಹೋಗಿ ಪಕ್ಕದ ಬಾವಿಯಿಂದ ಸೇದಿ ತುಂಬಿಸಿ ಬರುತ್ತಿದ್ದಳು, ತನ್ನ ಮಗಳಿಗೆ ಮಾತ್ರವಲ್ಲ, ಅಲ್ಲಿದ್ದ ಅಷ್ಟೂ ಮಕ್ಕಳಿಗೆ. ಮಗಳು ಈಗ ಸ್ಟಾಫ್ ನರ್ಸ್.

ಆಮೇಲೆ ಸರ್ಕಾರಗಳು ಸುಮ್ಮನೆ ಕೂತಿಲ್ಲ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಾದವು, ಮೆಟ್ರಿಕ್ ನಂತರದ ಹಾಸ್ಟೆಲ್ಲುಗಳು ಹೆಚ್ಚಿದವು. ಅದಕ್ಕಿಂತ ವೇಗವಾಗಿ ಕಾಲೇಜಿಗೆ ಬರುವ ಮಕ್ಕಳು ಹೆಚ್ಚಿದರು; ಅದು ಸಂತೋಷದ ವಿಷಯವೇ. ಸೀಟು ಸಿಗದವರಿಗಾಗಿ 2013-14ರಲ್ಲಿ ವಿದ್ಯಾಸಿರಿ ಬಂತು, ಊಟ ಮತ್ತು ವಸತಿಗೆ ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳು. ಆ ದುಡ್ಡಿನಿಂದ ಓದು ಉಳಿಸಿಕೊಂಡ ಮಕ್ಕಳು ನನ್ನ ವಿದ್ಯಾರ್ಥಿಗಳಲ್ಲೇ ಇದ್ದಾರೆ. ಆದರೆ ದುಡ್ಡು ಕೊಟ್ಟರೆ ಊರಿನಲ್ಲಿ ಒಂದು ಕೋಣೆಯೂ ಹೆಚ್ಚಾಗುವುದಿಲ್ಲ. ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ಆ ಮೊತ್ತಕ್ಕೆ ಪಿ.ಜಿ.ಯವರು ಹಾಸಿಗೆಯನ್ನೂ ತೋರಿಸುವುದಿಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಹಳ್ಳಿಯಿಂದಲೇ ಓಡಾಡಿ ಓದುವ ಹುಡುಗಿಯರನ್ನು ಬೆಳಗಿನ ಬಸ್ಸಿನಲ್ಲಿ ನೋಡಿದರೆ ನನ್ನ ತಂಗಿಯ ಕಾಲಕ್ಕೆ ಇದಿದ್ದರೆ ಅನ್ನಿಸುತ್ತದೆ. ಆದರೂ ಪ್ರಾಕ್ಟಿಕಲ್ ಇರುವ ದಿನ ಕೊನೆಯ ಬಸ್ಸು ತಪ್ಪಿದರೆ ಅವಳು ಎಲ್ಲಿ ಮಲಗಬೇಕು? ಸೀಟನ್ನು ಸೂರಿನಿಂದಲೇ ಎಣಿಸಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೆ. ಆ ಸೂರು ಕಾಲೇಜಿನ ಹತ್ತಿರವಿರಬೇಕು, ಯಾರ ಮಗಳ ಮದುವೆಗೂ ಖಾಲಿ ಮಾಡುವಂತಿರಬಾರದು.

ಕಳೆದ ವರ್ಷ ತಂಗಿಯ ಮೊಮ್ಮಗಳು ಪದವಿಗೆ ಸೇರಿದಳು. ಈಗ ಅರ್ಜಿ ಪೋರ್ಟಲ್ಲಿನಲ್ಲಿ, ಆಯ್ಕೆ ಪಟ್ಟಿಯೂ ಅಲ್ಲೇ. ಅವಳ ಹೆಸರು ಮೊದಲ ಪಟ್ಟಿಯಲ್ಲಿ ಬರಲಿಲ್ಲ. ತಂಗಿ ಯಾರ ಶಿಫಾರಸಿಗೂ ಹೋಗಲಿಲ್ಲ. ಹಿಂದೊಮ್ಮೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವಳು, ಕಚೇರಿ ಎಂದರೆ ಅಳುಕಿಲ್ಲ. ಪಟ್ಟಿಯಲ್ಲಿ ಹೆಸರು ಬಾರದ ಅಷ್ಟೂ ಹುಡುಗಿಯರ ಮನೆಗೆ ಹೋಗಿ, ತಾಯಂದಿರನ್ನು ಕೂಡಿಸಿಕೊಂಡು ಶಾಸಕರ ಜನಸ್ಪಂದನ ಸಭೆಗೆ ಬಂದಳು. ಬಸ್ ನಿಲ್ದಾಣದ ಪಕ್ಕ, ಕಾಲೇಜಿಗೆ ಎದುರಾಗಿ, ಸರ್ಕಾರದ್ದೇ ಒಂದು ಹಳೇ ಕಚೇರಿ ಬೀಗ ಹಾಕಿಕೊಂಡು ವರ್ಷಗಳಿಂದ ನಿಂತಿದೆ. ಅದನ್ನು ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಕೊಡಿ ಎಂಬುದು ಅರ್ಜಿ. ಬರೆದುಕೊಟ್ಟವನು ನಾನು.

ವೇದಿಕೆಯ ಮೇಲಿದ್ದ ಅಧಿಕಾರಿಯೊಬ್ಬರು ಓದಿ, "ಅಜ್ಜಿ, ಗುಡ್ಡದ ಹತ್ರ ಬೇಕಾದಷ್ಟು ಜಾಗ ಇದೆಯಲ್ಲ, ಅಲ್ಲಿ ದೊಡ್ಡದಾಗಿ ಕಟ್ಟಬಹುದು" ಅಂದರು. ಮರ್ಯಾದೆಯಿಂದಲೇ ಅಂದರು.

"ಗುಡ್ಡದ ಹತ್ರ ಕಟ್ಟಿ, ಬ್ಯಾಡ ಅನ್ನಕಿಲ್ಲ" ಅಂದಳು ತಂಗಿ. "ಅದು ಎದ್ದು ನಿಲ್ಲಾಗಂಟ ಈ ಮಕ್ಳು ದೊಡ್ಡೋರಾಗೋಯ್ತವೆ. ಇದರ ಬೀಗ ಯಾರತ್ರ ಅದೆ ಏಳಿ, ನಾನೇ ಓಗಿ ಇಸ್ಕತೀನಿ."

ಬೀಗದ ಕೈ ಲೋಕೋಪಯೋಗಿ ಇಲಾಖೆಯವರ ಬಳಿ ಇತ್ತು. ಕಟ್ಟಡದ ಅಳತೆ ಆಗಿದೆ, ಚಾವಣಿ ಭದ್ರವಾಗಿದೆ ಎಂದು ಇಂಜಿನಿಯರು ಬರೆದಿದ್ದಾರೆ, ಬಚ್ಚಲು ಮತ್ತು ಪಾಯಿಖಾನೆಗೆ ಅಂದಾಜು ಪಟ್ಟಿ ತಯಾರಾಗಿದೆ. ಹಸ್ತಾಂತರದ ಕಡತ ಜಿಲ್ಲಾ ಕೇಂದ್ರದಲ್ಲಿದೆ. ಸೋಮವಾರ ಸೋಮವಾರ ತಂಗಿ ಬೆಳಗಿನ ಬಸ್ಸಿಗೆ ಹೋಗಿ ಅದು ಯಾವ ಮೇಜಿಗೆ ಬಂತೆಂದು ಕೇಳಿಕೊಂಡು ಬರುತ್ತಾಳೆ.